ಲೈಶುನನ ಜೋಡು

"ಬಿಚ್ಚಲಾ ಜೋಡು! ಬಾಯಿ ತೆಗಿ, ಸೂಳೆಮಗನೆ!"

ಕಣದ ಬಾಗಿಲಲ್ಲಿ ಬೈ ಎನ್ನುವ ಪಾರುಪತ್ಯಗಾರ, ಎತ್ತಿನ ಹಲ್ಲು ನೋಡುವವನ ಹಾಗೆ, ಲೈಶುನನ ದವಡೆ ಹಿಡಿದು ಬೆರಳು ಹಾಕಿ ತಡಕಿದ. ಸಂಜೆ ಮನೆಗೆ ಹೊರಡುವ ಮೊದಲು ಆಳುಗಳಾದ ನಾವೆಲ್ಲ ಬಟ್ಟೆಯ ಜೋಡು ಬಿಚ್ಚಿ ಅಲ್ಲೇ ಕೊಡವಬೇಕು. ಯಜಮಾನ ಹೌನ ಒಂದು ಕಾಳೂ ನಮ್ಮ ಕಾಲಿನ ಜೊತೆ ಆಚೆ ಹೋಗಬಾರದು. ವೇ ನದಿಯ ಬಯಲಿನ ಕಣಗಳಲ್ಲೆಲ್ಲ ಅದೇ ಪದ್ಧತಿ.

ಬಾಯಲ್ಲಿ ಏನೂ ಸಿಗಲಿಲ್ಲ. ಜೋಡು ಕೊಡವಿದರೆ ಬರೀ ಮಣ್ಣು. ಬೈ ಅದನ್ನು ಕಿತ್ತುಕೊಂಡು ಒಳಗಿನ ತೇಪೆ ಹರಿದ. ಅರ್ಧ ಹಿಡಿ ಗೋಧಿ ಉದುರಿತು. ತೇಪೆ ಹಾಕಿದವಳು ಲೈಶುನನ ಹೆಂಡತಿ ಚಾವ್‌ಮೇ. ಬೇಕೆಂದೇ ಒಂದು ಕಡೆ ಹೊಲಿಗೆ ಬಿಟ್ಟಿದ್ದಳು.

"ಮಗೀಗೆ ಜರ, ಅಣ್ಣಯ್ಯ. ಜೋಳದ ಗಂಜಿ ಹೊಟ್ಟೇಲಿ ನಿಲ್ತಿಲ್ಲ. ಒಂದು ಬಟ್ಟಲು ಗೋಧಿ ಗಂಜಿ..."

"ಅಣ್ಣಯ್ಯ? ನಮ್ಮವ್ವ ನಿಮ್ಮಪ್ಪನ ಮಗ್ಗುಲಲ್ಲಿ ಮಲಗಿದ್ಲೇನಲಾ?"

ನಮ್ಮಲ್ಲಿ ವಯಸ್ಸನ್ನೂ ಗೋಧಿಯಲ್ಲೇ ಹೇಳುವುದು. ಲೈಶುನನ ಮಗಳು ನಾಲ್ಕು ಗೋಧಿ ಕಂಡವಳು. ಹೆಸರೂ ಮಾಯ್‌ಸ್ವೇ, ಅಂದರೆ ಗೋಧಿತೆನೆ. ತಿಂದದ್ದು ಮಾತ್ರ ಒಂದೂ ಇಲ್ಲ.

ಯಜಮಾನ ಹೌ, ಮರದಡಿ ಬೀಸಣಿಗೆ ಆಡಿಸುತ್ತ ಕೂತಿದ್ದ. "ಹೊಡೀಬೇಡ ಬೈ, ಕುಯ್ಲು ಕಾಲ. ಜೋಡು ಮಡಿಕ್ಕೊ. ನಾಳಿಂದ ಬರಿಗಾಲಲ್ಲಿ ಗೇಯ್ಲಿ."

ಕೊಯ್ದ ಹೊಲದಲ್ಲಿ ಉಳಿದ ಗೋಧಿಯ ಕೂಳೆಗೆ ಓರೆ ಮೊನೆ. ಒಂದೊಂದೂ ದಬ್ಬಳ. ಮಾರನೆಯ ದಿನ ಲೈಶುನ ಅದರ ಮೇಲೆ ಹೊರೆ ಹೊತ್ತ. ಹಿಂದೆಯೇ ನಾನು. ಮಧ್ಯಾಹ್ನದ ಹೊತ್ತಿಗೆ ಅವನು ಹೋದ ದಾರಿಯ ಕೂಳೆ ಕೆಂಪಾಗಿತ್ತು. ನಾನು ಜೋಡು ಮೆಟ್ಟಿಕೊಂಡು ಅದರ ಮೇಲೆಯೇ ಹೋದೆ. "ಒಂದು ಗಳಿಗೆ ನನ್ನದು ಮೆಟ್ಕೊ" ಅನ್ನಲಿಲ್ಲ.

ಹೊತ್ತು ವಾಲಿದ ಮೇಲೆ, ಕಣದಲ್ಲಿ ಒಣಹಾಕಿದ ಗೋಧಿಯನ್ನು ಕಾಲಲ್ಲಿ ಗೀರಿ ಮಗುಚುವ ಕೆಲಸ. ಅದನ್ನು ತನಗೇ ಕೊಡಿ ಎಂದು ಲೈಶುನ ತಾನಾಗಿ ಕೇಳಿದ.

"ಮಾಡು, ಮಾಡು," ಬೈ ನಕ್ಕ. "ಬರಿಗಾಲ ದೊರೆ ನೀನು."

ಅವನು ಮೆಲ್ಲಗೆ, ಒತ್ತಿ ಒತ್ತಿ ಗೀರಿದ. ಸಂಜೆ ಬೈ ಅವನ ಬಾಯಿ ನೋಡಿದ, ಅಂಗಿಯ ತೋಳು ನೋಡಿದ, ಜಡೆಗಂಟು ಬಿಚ್ಚಿಸಿ ನೋಡಿದ. ಕೊಡವಲು ಜೋಡೇ ಇರಲಿಲ್ಲ.

ಲೈಶುನ ಹಿಮ್ಮಡಿಯ ಮೇಲೆ ನಡೆದ. ಅವನ ಹೆಗಲು ಹಿಡಿದು ನಾನೇ ಮನೆ ಮುಟ್ಟಿಸಿದೆ. ಚಾವ್‌ಮೇ ಅವನ ಕಾಲನ್ನು ಮಡಿಲಿಗೆ ಎಳೆದುಕೊಂಡು, ಸೂಜಿಯಿಂದ ಸೀಳುಗಳೊಳಗಿನ ಕಾಳು ಒಂದೊಂದಾಗಿ ಕೀಳತೊಡಗಿದಳು.

"ನೋಯ್ತದಾ?"

"ಆಳಕ್ಕೆ ಇನ್ನೂ ಐತೆ. ಬಿಡಬ್ಯಾಡ."

ಕಾಳು ತೊಳೆದಳು, ಅರೆದಳು, ಕುದಿಸಿದಳು. ಮಗು ಗೋಡೆಗೆ ಒರಗಿ ಬಟ್ಟಲು ನೆಕ್ಕಿತು.

"ಅವ್ವ, ಉಪ್ಪು ಹಾಕಿದ್ದೀಯಾ?"

ಆ ತಿಂಗಳು ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಉಪ್ಪಿರಲಿಲ್ಲ.

ಮರುದಿನವೂ ಅವನು ಅದೇ ಕೆಲಸ ಕೇಳಿ ಪಡೆದ. ನಾಲ್ಕನೆಯ ದಿನ ಲೈಶುನನ ಕಾಲು ಬಾತು, ಬೆರಳ ಸಂದಿ ಕಪ್ಪಿಟ್ಟಿತ್ತು. ಹತ್ತಿರ ಹೋದರೆ ವಾಸನೆ. ಹೌ ಮೂಗು ಮುಚ್ಚಿಕೊಂಡು, ಬೈಗೆ ಹೇಳಿ ಜೋಡನ್ನು ಅವನ ಮುಂದಕ್ಕೆ ಒದೆಸಿದ.

"ಬುದ್ಧಿ ಬಂತಲ್ಲ? ತಗೊ, ಮೆಟ್ಕೊ."

"ಬ್ಯಾಡಿ ಯಜಮಾನ್ರೆ. ನೀವೇ ಮಡಿಕ್ಕಳಿ."

ಹಾಗೆಂದವನು ಜೋಡು ದಾಟಿ ಕಣಕ್ಕೆ ನಡೆದ. ನೊಣಗಳೂ ಅವನ ಕಾಲಿನ ಹಿಂದೆಯೇ ಗೋಧಿಯ ಮೇಲೆ ಹೋದವು.