ಮುಖ ಕಾಣದ ಆಟ

ಮಂಡಿಪೇಟೆಯ ಮೆಣಸಿನಕಾಯಿ ವ್ಯಾಪಾರಿ ಉಜ್ಜನಪ್ಪನವರು ಊರಿಗೆ ಕಂಪ್ಯೂಟರ್ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಅಂಗಡಿಗೆಂದು ಒಂದನ್ನು ಕೊಂಡರು. ಅಲ್ಲಿನ ಘಾಟಿಗೆ, ಧೂಳಿಗೆ ಕೆಟ್ಟೀತೆಂದು ಹೆದರಿ ಎಂ.ಸಿ.ಸಿ. ಬಡಾವಣೆಯ ಮನೆಯಲ್ಲೇ ಇಟ್ಟರು. ಗುಮಾಸ್ತ ಅಂಗಡಿಯಲ್ಲಿ, ಕಂಪ್ಯೂಟರ್ ಮನೆಯಲ್ಲಿ. ಹೀಗಾಗಿ ಅದು ಮಗಳು ರೂಪಶ್ರೀಯ ಪಾಲಾಯಿತು.

ಡಿಗ್ರಿ ಮುಗಿಸಿ ಗಂಡಿಗಾಗಿ ಕಾಯುತ್ತಿದ್ದ ಹುಡುಗಿ ಅವಳು. ಗೇಟು ದಾಟಬೇಕಾದರೂ ತಾಯಿ ಕಸ್ತೂರಮ್ಮನಿಗೆ ಕಾರಣ ಹೇಳಬೇಕಿತ್ತು. ಮಧ್ಯಾಹ್ನ ಮನೆಯವರು ಮಲಗಿದಾಗ ಸದ್ದು ಅಡಗಿಸಿ ಬಂದೂಕಿನ ಆಟ ಆಡುತ್ತಿದ್ದಳು. ಪರದೆಯ ಮೇಲೆ ಬಂದೂಕು ಹಿಡಿದ ಕೈ ಮಾತ್ರ. ಆಡುವವರ ಮುಖ ಕಾಣುವುದೇ ಇಲ್ಲ. ಹೆಣ್ಣು ನೋಡಲು ಬಂದವರೆಲ್ಲ ಅವಳ ಬಣ್ಣ, ಎತ್ತರ, ಜಡೆ ಅಳೆದು ಹೋಗುತ್ತಿದ್ದರು. ಯಾರ ಕಣ್ಣಿಗೂ ಬೀಳದೆ ತಾನೇ ಎಲ್ಲವನ್ನೂ ನೋಡುವ ಜಾಗ ಅವಳಿಗೆ ಅದೊಂದೇ. ಅಲ್ಲಿ ರಾಕ್ಷಸರು ಮೈಮೇಲೆ ಬೀಳುತ್ತಿದ್ದರು ನಿಜ, ಆದರೆ ಅವರಿಗೆ ಉಪ್ಪಿಟ್ಟು ಮಾಡಿಕೊಡಬೇಕಿರಲಿಲ್ಲ.

ಹರಿಹರದಿಂದ ಬಕ್ಕೇಶ್ ಎಂಬ ಗಂಡು ನೋಡಲು ಬಂದ. ಹಿಂದೆಲ್ಲ ಹುಡುಗಿಗೆ ಹಾಡು ಹೇಳು ಅನ್ನುತ್ತಿದ್ದರು. ಕಸ್ತೂರಮ್ಮ ಮಗಳಿಗೆ ಕಂಪ್ಯೂಟರ್ ಬರುತ್ತದೆಂದು ಜಂಬ ಕೊಚ್ಚಿದ್ದರಿಂದ, ಗಂಡಿನ ಸೋದರಮಾವ ಹುಡುಗನ ಹೆಸರು ಟೈಪ್ ಮಾಡಿ ತೋರಿಸಲು ಹೇಳಿದ. ಅವಳು ತಲೆ ತಗ್ಗಿಸಿ ಮಾಡಿದಳು.

ಬಕ್ಕೇಶನ ಕಣ್ಣು ಮಾತ್ರ ಪರದೆಯಲ್ಲಿದ್ದ ಆಟದ ಗುರುತಿನ ಮೇಲೆ ಬಿತ್ತು. ಕುರ್ಚಿ ಎಳೆದುಕೊಂಡು ಆಡಲು ಶುರು ಮಾಡಿಯೇ ಬಿಟ್ಟ. ತನ್ನ ಮನೆಯಲ್ಲೂ ಕಂಪ್ಯೂಟರ್ ಇದೆಯೆಂದ. ಇನ್ನು ಕೆಲವೇ ವರ್ಷಗಳಲ್ಲಿ ಹರಿಹರದಲ್ಲಿ ಕೂತು ಅಮೆರಿಕದವನ ಮೇಲೂ ಗುಂಡು ಹಾರಿಸಬಹುದು, ಈ ಆಟಕ್ಕೆ ಸಾವಿಲ್ಲ ಎಂದ. ರೂಪಶ್ರೀ ಮೊದಲ ಸಲ ಗಂಡೊಬ್ಬನ ಮುಖವನ್ನು ನೆಟ್ಟಗೆ ನೋಡಿದಳು. ಈ ಮನೆ ಸೇರಿದರೆ ಕದ್ದು ಆಡಬೇಕಿಲ್ಲ ಅನ್ನಿಸಿತು. ಅವನು ಒಪ್ಪಲಿ ಎಂದು ದೇವರನ್ನು ಬೇಡಿಕೊಂಡಳು.

ಅಷ್ಟರಲ್ಲಿ ಬಕ್ಕೇಶ್ ದಾರಿ ಕಾಣದೆ ಒಂದು ಮೂಲೆಗೆ ಸಿಕ್ಕಿಬಿದ್ದ. ಗೋಡೆ ಗೋಡೆಗೂ ಡಿಕ್ಕಿ ಹೊಡೆಯುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ.

"ಎಡಕ್ಕ ತಿರುಗ್ರಿ. ಆ ಗೋಡೆ ಒತ್ರಿ, ಹಿಂದೆ ಬಾಗ್ಲು ಐತೆ."

ಕಸ್ತೂರಮ್ಮನ ಮುಖ ಬಿಳಿಚಿತು. ಬಕ್ಕೇಶ್ ಗೋಡೆ ಒತ್ತಿದ, ಬಾಗಿಲು ತೆರೆಯಿತು. ಅವನು ಖುಷಿಯಿಂದ ಹಿಂತಿರುಗಿ ನೋಡಿ ನಕ್ಕ.

"ನನಗೆ ಹುಡುಗಿ ಒಪ್ಪಿಗೆ ಐತ್ರಿ. ಇವರು ಬಾಜೂ ಕುಂತು ದಾರಿ ಹೇಳ್ಲಿ, ನಾನು ಆಡ್ತೀನಿ."

ಹಿರಿಯರೆಲ್ಲ ಎಂಥ ಹೊಂದಾಣಿಕೆ ಎಂದು ತಲೆದೂಗಿದರು.

"ನಾನು ಆಡೋದು ಯಾವಾಗ್ರಿ?" ಎಂದು ರೂಪಶ್ರೀ ಕೇಳಿದಳು.

ಹುಡುಗಿ ಚೂಟಿ, ತಮಾಷೆಯೂ ಬರುತ್ತದೆ ಎಂದು ಸೋದರಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಎಲ್ಲರೂ ನಕ್ಕರು. ಬಕ್ಕೇಶನೂ ನಕ್ಕು ಪರದೆಯ ಕಡೆ ತಿರುಗಿದ. ಕಸ್ತೂರಮ್ಮ ಸಕ್ಕರೆ ತರಲು ಒಳಗೆ ಓಡಿದರು.

"ಮುಂದೆ ಯಾವ ಕಡೆ ಹೋಗ್ಲಿ?" ಎಂದು ಬಕ್ಕೇಶ್ ಕೇಳಿದ.

ಅವಳು ಹೇಳಿದಳು.