ಭಾನುವಾರದ ಸಿನಿಮಾ

ಸಂಘಮಿತ್ರಾ ಏಣಿಯ ಮೇಲೆ ನಿಂತು ಕೇಬಲ್ ವೈರಿನ ಸಿಪ್ಪೆಯನ್ನು ಹಲ್ಲಿನಲ್ಲೇ ಕಚ್ಚಿ ಎಳೆದಳು. ಕೆಳಗೆ ಶಾಮಿಯಾನದಡಿ, ತೀರಿಕೊಂಡ ಅವಳ ಅಪ್ಪ ಅಂಜಿನಯ್ಯನನ್ನು ಮಲಗಿಸಿದ್ದರು. ಬೆಳಿಗ್ಗೆ ಆ ಶಾಮಿಯಾನ ಕಟ್ಟುವಾಗಲೇ ಕಂಬ ತಗುಲಿ ವೈರು ಹರಿದಿತ್ತು. ಆರ್‌ಪಿಸಿ ಲೇಔಟಿನ ಆ ಬೀದಿಗಳಿಗೆಲ್ಲ ಕೇಬಲ್ ಕೊಟ್ಟವನ ಸಾವೇ ಕೇಬಲ್ ಕಿತ್ತಿತ್ತು, ನೋಡಿ.

"ಇಳಿಯಮ್ಮ, ಜನ ನೋಡ್ತಾವ್ರೆ," ಎಂದರು ದೊಡ್ಡಪ್ಪ ದೊಡ್ಡಹನುಮಯ್ಯ. "ಹೆಣ ಮುಂದಿಟ್ಕೊಂಡು ಸಿನಿಮಾ ಹಾಕ್ತಾರಾ ಯಾರಾದ್ರೂ? ಇವತ್ತೊಂದಿನ ನಿಲ್ಸು."

"ಇವತ್ತು ಭಾನುವಾರ, ದೊಡ್ಡಪ್ಪ."

"ನಾಳೆಯಿಂದ ಯಾರು ನಡೆಸ್ತಾರೆ ಇದನ್ನ? ಎಲ್ಲಾ ಮೊಬೈಲಲ್ಲೇ ನೋಡ್ತಾರೆ. ಅವನ ಜೊತೆ ಇದೂ ಹೋಗ್ಲಿ ಬಿಡು."

ಅವಳಿಗೆ ಸಿಟ್ಟು ಉಕ್ಕಿತು. ಕಟಿಂಗ್ ಪ್ಲೈಯರಿನಿಂದ ವೈರಿನ ತುದಿ ಕತ್ತರಿಸಿದಳು.

* * *

ಇಪ್ಪತ್ತು ವರ್ಷದ ಹಿಂದೆ, ನೆಲ್ಲೂರಿನಿಂದ ಹೊಸದಾಗಿ ಬಾಡಿಗೆಗೆ ಬಂದ ಯಶೋದಮ್ಮ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ಬಂದಿದ್ದರು. ಅಂಜಿನಯ್ಯನ ಸ್ವಂತ ಚಾನೆಲ್‌ನಲ್ಲಿ ಭಾನುವಾರ ಮಧ್ಯಾಹ್ನ ಎರಡಕ್ಕೆ ಯಾಕೆ ಬರೀ ಕನ್ನಡ ಸಿನಿಮಾ?

"ನಿಮ್ಮ ಭಾಷೇದು ಬೇಕಾದಷ್ಟು ಚಾನೆಲ್ ಕೊಟ್ಟಿದೀನಲ್ಲಮ್ಮ, ನೋಡಿ, ಬೇಡ ಅನ್ನಲ್ಲ," ಎಂದಿದ್ದ ಅಂಜಿನಯ್ಯ. "ವಾರಕ್ಕೊಂದ್ಸಲ ಬೀದಿಯವರೆಲ್ಲ ಒಂದೇ ಸಿನಿಮಾಗೆ ನಗ್ಬೇಕು, ಅಳ್ಬೇಕು. ಈ ಊರಲ್ಲಿ ಅದು ಕನ್ನಡದ್ದೇ ಆಗ್ಬೇಕು."

ದೀಪಾವಳಿ ಹೊತ್ತಿಗೆ ಯಶೋದಮ್ಮ ಖಳನಾಯಕನಿಗೆ ಅಚ್ಚಗನ್ನಡದಲ್ಲೇ ಹಿಡಿಶಾಪ ಹಾಕತೊಡಗಿದ್ದರು.

ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ ಅಂಜಿನಯ್ಯ ಅವರ ಫೋಟೊವನ್ನು ಚಾನೆಲ್‌ನಲ್ಲಿ ಹಾಕುತ್ತಿದ್ದ. ಭಾನುವಾರ ಎರಡಾಯಿತೆಂದರೆ ಮಾತ್ರ ಫೋಟೊ ತೆಗೆದು ಸಿನಿಮಾ. "ಒಂದ್ವಾರ ನಿಂತ್ರೆ ನಿಲ್ಸೋದೇ ರೂಢಿ ಆಗುತ್ತೆ ಮಗಳೇ," ಎನ್ನುತ್ತಿದ್ದ.

* * *

ಅವಳ ಜೇಬಿನಲ್ಲಿದ್ದ ಅಪ್ಪನ ಫೋನ್ ಬಡಿದುಕೊಂಡಿತು.

"ಅಂಜಿನಯ್ಯ, ಟೀವಿ ಬರ್ತಿಲ್ಲ ಕಣಪ್ಪ! ಸಿನಿಮಾ ಟೈಮಾಯ್ತು!"

ಯಶೋದಮ್ಮ. ಮೊಣಕಾಲು ನೋವಿನಿಂದ ಹೊರಗೆ ಬಾರದ ಅವರಿಗೆ, ಫೋಟೊ ಕಾಣದೆ ಸುದ್ದಿಯೇ ಮುಟ್ಟಿರಲಿಲ್ಲ.

"ಆಂಟಿ... ಅಪ್ಪ ಹೋಗ್ಬಿಟ್ರು. ಬೆಳಿಗ್ಗೆ."

ಸಂಘಮಿತ್ರಾ ಕಣ್ಣೊರೆಸಿಕೊಂಡಳು.

"ಸಿನಿಮಾ ಬರುತ್ತೆ ಆಂಟಿ. ಇವತ್ತೂ ಬರುತ್ತೆ, ಮುಂದಿನ ವಾರಾನೂ ಬರುತ್ತೆ. ನಾನಿದೀನಿ."

ದೊಡ್ಡಹನುಮಯ್ಯ ತಲೆಯೆತ್ತಿ ಅವಳನ್ನೇ ನೋಡಿದರು. ಅಲ್ಲಾಡುತ್ತಿದ್ದ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ವೈರು ಕೂಡಿತು. ಬೆಳಿಗ್ಗೆಯೇ ಅವಳು ಚಾನೆಲ್‌ನಲ್ಲಿ ಹಾಕಿಟ್ಟಿದ್ದ ಫೋಟೊದಿಂದ ಬೀದಿಯ ಟೀವಿಗಳಲ್ಲಿ ಅಂಜಿನಯ್ಯನ ಮುಖ ಮೂಡಿತು. ಎರಡಕ್ಕೆ ಅವಳು ಒಳಗೆ ಹೋಗಿ ಪರದೆಯ ಮೇಲಿನ ಆ ಮುಖವನ್ನೊಮ್ಮೆ ಸವರಿದಳು. ಆಮೇಲೆ ಅದನ್ನು ತೆಗೆದು ಸಿನಿಮಾ ಹಾಕಿದಳು.

ಚಟ್ಟ ಎದ್ದಿತು. ಮೂರನೇ ಕ್ರಾಸಿಗೆ ತಿರುಗುವಾಗ ದೊಡ್ಡಹನುಮಯ್ಯ ಕೈಯೆತ್ತಿ ತಮಟೆ ನಿಲ್ಲಿಸಿದರು. ಒಂದು ಮನೆಯ ಕಿಟಕಿಯಲ್ಲಿ ಸಿನಿಮಾದ ತಾಯಿಯ ಪ್ರಶ್ನೆ ಕೇಳಿಸಿತು, ಇನ್ನೊಂದರಲ್ಲಿ ಅದೇ ಸಿನಿಮಾದ ಮಗನ ಉತ್ತರ. ನಡುವೆ ಕೆಲವು ಮನೆಗಳಲ್ಲಿ ಟೀವಿ ಹಾಕಿರಲಿಲ್ಲ.

ಯಶೋದಮ್ಮ ಗೋಡೆ ಹಿಡಿದು ಗೇಟಿನವರೆಗೂ ಬಂದು ಚಟ್ಟಕ್ಕೆ ಕೈಮುಗಿದರು. ಆಮೇಲೆ ಮನೆಯೊಳಕ್ಕೆ ತಿರುಗಿ, "ಸೌಂಡ್ ಜಾಸ್ತಿ ಮಾಡ್ರೋ!" ಎಂದು ಕೂಗಿದರು.