ಒಣ ಮಣ್ಣು

"ಲೇ ಕತ್ತೆಮುಂಡೆ, ಹೆಣ ಹೂಳೋ ಹಾಗೆ ಸುರೀತೀಯಲ್ಲೇ! ತೆಳ್ಳಗೆ ಉದುರಿಸು. ಒದ್ದೆ ಕಾಣಬಾರದು, ಮಣ್ಣು ಹಾಕಿದ್ದೂ ಕಾಣಬಾರದು."

ಮೇಸ್ತ್ರಿ ಏರಿಯ ಮೇಲೆ ನಿಂತು ಅರಚುತ್ತಿದ್ದ. ಬುಡದಲ್ಲಿ ಮಣ್ಣಮ್ಮ ಜರಡಿ ಹಿಡಿದ ಒಣ ಮಣ್ಣನ್ನು ಬೊಗಸೆ ಬೊಗಸೆಯಾಗಿ ಉದುರಿಸುತ್ತಿದ್ದಳು. ಮಣ್ಣು ಹೊತ್ತೂ ಹೊತ್ತೂ ಬಂದ ಹೆಸರು ಅದು. ಸ್ವಂತ ಹೆಸರು ಕೇಳುವ ಪುರಸೊತ್ತು ಯಾರಿಗಿತ್ತು? ಏರಿಯ ಆಚೆ ಕಾಗದ ಕಾರ್ಖಾನೆಯ ಕೊಳಕು ನೀರಿನ ಹೊಂಡ. ನೀರಿಗೆ ಗಾಳಿ ಕಲಸಿ ಕೊಳೆ ಕಳೆಯಬೇಕಾದ ನಾಲ್ಕು ಯಂತ್ರಗಳು ಅದರಲ್ಲಿ ತೇಲುತ್ತಿದ್ದವು. ಕರೆಂಟು ದುಬಾರಿ ಅಂತ ತಿಂಗಳುಗಟ್ಟಲೆ ತೆಪ್ಪಗಿರುತ್ತಿದ್ದ ಅವು, ಸರ್ಕಾರದಿಂದ ತಪಾಸಣೆಗೆ ಸಾಹೇಬರು ಬರುವ ದಿನ ಮಾತ್ರ ಭೋರ್ಗರೆಯುತ್ತಿದ್ದವು. ಇವತ್ತು ಬೆಳಗಿನಿಂದ ಭೋರ್ಗರೆಯುತ್ತಿವೆ.

ಏರಿ ಸೋರತೊಡಗಿ ಐದು ತಿಂಗಳು. ಅವಳ ಬರಿಗಾಲಿಗೇ ಅದು ಮೊದಲು ತಣ್ಣಗೆ ತಾಗಿತ್ತು. ಓಡಿಹೋಗಿ ಹೇಳಿದ್ದಕ್ಕೆ ಮ್ಯಾನೇಜರು, "ಬಾಯಿ ಬಿಟ್ರೆ ನಾಳೆಯಿಂದ ಬರಬೇಡ" ಅಂದಿದ್ದ. ಅವಳು ಬಾಯಿ ಬಿಡಲಿಲ್ಲ. ಅಷ್ಟಕ್ಕೇ ಮುಗಿದಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಪಕ್ಕದ ಮನೆಯಲ್ಲೇ ಇದ್ದ ತಂಗಿ ಬಂದು ಕೇಳಿದಳು.

"ಅಕ್ಕಾ, ನಮ್ಮ ಕೇರಿ ಬಾವಿ ನೀರು ಒಂಥರಾ ನಾರ್ತಿದೆ ಕಣೆ. ಏರಿ ಏನಾದ್ರೂ ಸೋರ್ತಿದ್ಯಾ?"

"ಹುಚ್ಚಿ, ದಿನಾ ಅದರ ಬುಡದಲ್ಲೇ ಸಾಯ್ತೀನಿ, ನಂಗೊತ್ತಾಗಲ್ವಾ? ಸುಮ್ನೆ ಕುಡಿ."

ಮಣ್ಣಮ್ಮನೇ ಹೇಳಿದ್ದಾಳೆ ಅಂತ ಕೇರಿಯೆಲ್ಲ ಕುಡಿಯಿತು. ಅವಳು ಮಾತ್ರ ಸಂಜೆ ಕಾರ್ಖಾನೆಯ ನಲ್ಲಿಯಿಂದ ಕೊಡ ತುಂಬಿಕೊಂಡು ಹೋಗುತ್ತಿದ್ದಳು. ಕೇಳಿದವರಿಗೆ, ಬರುವ ದಾರಿಯಲ್ಲೇ ಸಿಗುತ್ತಲ್ಲ ಅನ್ನುತ್ತಿದ್ದಳು. ಕಳೆದ ವಾರ ತಂಗಿಯ ಮಗಳು ವಾಂತಿಯಿಂದ ಸೊರಗಿ, ಇವಳ ತೊಡೆಯ ಮೇಲೆ ಮಲಗಿ, "ದೊಡ್ಡಮ್ಮಾ, ನೀರು" ಅಂದಿತು. ತಂಗಿ ಎದುರಿಗೇ ಕೂತಿದ್ದಳು. ಬೇಡ ಅಂದರೆ ಗುಟ್ಟು ರಟ್ಟಾಗುತ್ತಿತ್ತು. ತಂಗಿಯ ಮನೆಯ ಬಾವಿ ನೀರಿನ ಬಿಂದಿಗೆಯಿಂದಲೇ ಲೋಟ ತುಂಬಿ ಮಣ್ಣಮ್ಮ ತನ್ನ ಕೈಯಾರೆ ಕುಡಿಸಿದಳು. ಮಗು ಈಗ ಆಸ್ಪತ್ರೆಯಲ್ಲಿದೆ. ಅಂದಿನಿಂದ ಆ ಕೈಯಲ್ಲಿ ಕಲಸಿದ ಅನ್ನ ಅವಳಿಗೆ ಗಂಟಲಲ್ಲಿ ಇಳಿದಿಲ್ಲ.

ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಇಳಿದು ಬಂದರು. ಪಕ್ಕದಲ್ಲಿ ಮ್ಯಾನೇಜರು. ಅವರ ಬೆನ್ನಿಗೆ ದೂರು ಕೊಟ್ಟಿದ್ದ ಕೇರಿಯವರು, ಅವರೊಳಗೆ ಆಸ್ಪತ್ರೆಯಿಂದ ನೇರ ಬಂದ ತಂಗಿ.

"ಎಲ್ರೀ ಸೋರ್ತಿದೆ? ಧೂಳು ಏಳ್ತಿದೆ ಇಲ್ಲಿ," ಅಂದರು ಸಾಹೇಬರು.

"ಪರಿಹಾರದ ಆಸೆ ಸಾರ್, ಕೊಳಕು ಜನ. ತಾವು ಹೇತಿದ್ದನ್ನ ತಾವೇ ಕುಡಿದು ನಮ್ಮ ಮೇಲೆ ಹಾಕ್ತಾರೆ," ಮ್ಯಾನೇಜರು ನಕ್ಕ. "ಬೇಕಾದ್ರೆ ಇವಳನ್ನೇ ಕೇಳಿ, ಅವರದೇ ಕೇರಿಯವಳು. ಹೇಳೇ, ಸೋರ್ತಿದ್ಯಾ?"

"ಕೇಳಿ ಸ್ವಾಮಿ," ತಂಗಿ ಮುಂದೆ ಬಂದಳು. "ನಮ್ಮಕ್ಕ ನಮಗೆ ಸುಳ್ಳು ಹೇಳೋಳಲ್ಲ."

ಮಣ್ಣಮ್ಮ ಗುದ್ದಲಿ ಎತ್ತಿ ಸಾಹೇಬರ ಬೂಟಿನ ಮುಂದೆಯೇ ಕೆರೆದಳು.

"ಏಯ್ ಬೋಸುಡಿ, ಏನೇ ಮಾಡ್ತಿದ್ದೀ!" ಮೇಸ್ತ್ರಿ ಓಡಿ ಬಂದ. ಅಷ್ಟರಲ್ಲಿ ಒಣ ಮಣ್ಣು ಪಕ್ಕಕ್ಕೆ ಸರಿದು, ಕಂದು ನೀರು ಜಿನುಗಿ, ನೊರೆ ಕಟ್ಟಿ, ಬೂಟನ್ನು ಮುಟ್ಟಿತ್ತು. ಸಾಹೇಬರು ಹಿಂದಕ್ಕೆ ಹಾರಿದರು.

"ಐದು ತಿಂಗಳಿಂದ ಸೋರ್ತಿದೆ. ಇವರು ಮುಚ್ಚು ಅಂದ್ರು, ನಾನು ಮುಚ್ಚಿದೆ. ಬರ್ಕೊಳ್ಳಿ."

ತಂಗಿ ಬಗ್ಗಿ ಒಂದು ಹಿಡಿ ಕೆಸರು ತೆಗೆದು ಮೂಸಿದಳು. ಆಮೇಲೆ ನಲ್ಲಿಯ ಹತ್ತಿರ ಹೋದಳು. ಅಲ್ಲಿ ಸಂಜೆಗೆಂದು ತುಂಬಿಟ್ಟ ಅಕ್ಕನ ಕೊಡ ನಿಂತಿತ್ತು. ಅದನ್ನು ಸೊಂಟಕ್ಕೇರಿಸಿಕೊಂಡು, ಯಾರ ಕಡೆಗೂ ತಿರುಗದೆ, ಆಸ್ಪತ್ರೆಯ ದಾರಿ ಹಿಡಿದಳು.